ಕೋರ್ಸಿಗೊಂದು ವೆಬ್‌ಸೈಟ್: ಮೂಡಲ್, ಕ್ಲಾಸ್‌ರೂಮ್, ಸ್ವಂತ ಪುಟ – ಯಾವುದು ಯಾರಿಗೆ?

ವಿಶ್ವವಿದ್ಯಾಲಯದ ಪಾಠಕ್ಕೆ ವೆಬ್‌ಸೈಟ್ ಬೇಕೇ ಎಂದು ಈಗ ಯಾರೂ ಕೇಳುವುದಿಲ್ಲ. ಯಾವುದು ಬೇಕು ಎಂಬಲ್ಲೇ ತಕರಾರು. ಹೋಲಿಸಿ ನೋಡಲು ಕೂತರೆ ಸಿಗುವುದು ಸೌಲಭ್ಯಗಳ ಉದ್ದುದ್ದ ಪಟ್ಟಿ: ಇದರಲ್ಲಿ ಕ್ವಿಜ್ ಇದೆ, ಅದರಲ್ಲಿ ವಿಡಿಯೋ ಇದೆ, ಇನ್ನೊಂದರಲ್ಲಿ ಹಾಜರಿ ಪುಸ್ತಕವೂ ಇದೆ. ಆ ಪಟ್ಟಿ ನೋಡಿ ಆರಿಸಿಕೊಂಡವರು ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಿಜವಾಗಿ ಬಳಸಿರುವುದು ಮೂರೋ ನಾಲ್ಕೋ ಸೌಲಭ್ಯ ಮಾತ್ರ. ಹಾಗಾಗಿ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನಿಮ್ಮ ಕೋರ್ಸಿಗೆ ಸಂಬಂಧಿಸಿದ ವಸ್ತುಗಳಲ್ಲಿ ಯಾವುದನ್ನು ಯಾರು ಬೇಕಾದರೂ ನೋಡಬಹುದು, ಯಾವುದು ಆಯಾ ವಿದ್ಯಾರ್ಥಿಗೆ ಮಾತ್ರ ಕಾಣಬೇಕು? ಈ ಎರಡರ ನಡುವೆ ಗೆರೆ ಎಲ್ಲಿ ಬೀಳುತ್ತದೆ ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಸಿಲಬಸ್, ವಾರವಾರದ ವೇಳಾಪಟ್ಟಿ, ಪಾಠದ ಟಿಪ್ಪಣಿ, ಓದಬೇಕಾದ ಪುಸ್ತಕಗಳ ಹೆಸರು, ಹಿಂದಿನ ಪ್ರಶ್ನೆಪತ್ರಿಕೆ ಇವೆಲ್ಲ ಗೆರೆಯ ಈಚೆಗೆ. ಮುಚ್ಚಿಡುವಂಥದ್ದು ಇವುಗಳಲ್ಲಿ ಏನೂ ಇಲ್ಲ. ವಿದ್ಯಾರ್ಥಿಗಳು ಸಲ್ಲಿಸುವ ಅಸೈನ್‌ಮೆಂಟ್, ಅದರ ಮೇಲೆ ನೀವು ಬರೆಯುವ ಟೀಕೆ, ಅಂಕ, ಹಾಜರಿ ಇವು ಗೆರೆಯ ಆಚೆಗೆ. ಪ್ರಶ್ನೋತ್ತರ ಮಾತ್ರ ಎರಡೂ ಕಡೆ ಕಾಲಿಟ್ಟು ನಿಲ್ಲುತ್ತದೆ. "ಮೂರನೇ ಲೆಕ್ಕದಲ್ಲಿ ಮೈನಸ್ ಹೇಗೆ ಬಂತು?" ಎಂಬುದನ್ನು ಇಡೀ ತರಗತಿ ಓದಲಿ, "ನನಗೇಕೆ ಇಷ್ಟು ಕಡಿಮೆ ಅಂಕ?" ಎಂಬುದನ್ನು ಓದಬಾರದು.

ಗೆರೆಯ ಈಚೆಗೆ ಬೇಕಾಗಿರುವುದು ತೆರೆದ, ಹಗುರವಾದ, ಬಹುಕಾಲ ಉಳಿಯುವ ಪುಟ. ಆಚೆಗೆ ಬೇಕಾಗಿರುವುದು ಲಾಗಿನ್, ದಾಖಲೆ, ಬ್ಯಾಕಪ್, ಜವಾಬ್ದಾರಿ ಹೊರುವ ಒಬ್ಬ ನಿರ್ವಾಹಕ. ಒಂದೇ ತಂತ್ರಾಂಶ ಎರಡನ್ನೂ ಸಮಾನವಾಗಿ ಚೆನ್ನಾಗಿ ಮಾಡಿದ್ದನ್ನು ನಾನು ನೋಡಿಲ್ಲ.

ಮೊದಲು, ವಾಟ್ಸಾಪ್ ಗುಂಪಿನ ಮಾತು

ಅನೇಕ ಕೋರ್ಸುಗಳಿಗೆ ವಾಸ್ತವದಲ್ಲಿ ಇರುವ "ವೆಬ್‌ಸೈಟ್" ಇದೇ. ತರಗತಿ ರದ್ದಾಯಿತು, ಕೊಠಡಿ ಬದಲಾಯಿತು ಎಂದು ತಿಳಿಸಲು ಇದಕ್ಕಿಂತ ವೇಗದ ದಾರಿ ಇಲ್ಲ. ಆದರೆ ನೋಟ್ಸ್ ಇಡಲು ಇದು ಜಾಗವೇ ಅಲ್ಲ. ಎರಡು ವಾರದ ಹಿಂದೆ ಹಾಕಿದ ಪಿಡಿಎಫ್ ಹುಡುಕಲು ಹಬ್ಬದ ಶುಭಾಶಯಗಳನ್ನೆಲ್ಲ ದಾಟಿ ಹೋಗಬೇಕು. ತಡವಾಗಿ ಸೇರಿದವರಿಗೆ ಹಳೆಯ ಸಂದೇಶಗಳು ತಾವಾಗಿಯೇ ಕಾಣುವುದಿಲ್ಲ. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ, ಇದು ಹೆಣ್ಣುಮಕ್ಕಳಿಗೆ ಎಂಥ ಕಿರಿಕಿರಿ ತರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದ ಪ್ರಶ್ನೆಗೆ ಉತ್ತರಿಸದಿದ್ದರೆ ಮೇಷ್ಟ್ರು ಉದಾಸೀನ ಮಾಡಿದರು ಎಂಬ ಭಾವನೆ ಬೇರೆ. ಗುಂಪು ಇರಲಿ, ಅದರಲ್ಲಿ ಅಧ್ಯಾಪಕರಷ್ಟೇ ಸಂದೇಶ ಹಾಕುವಂತೆ ಇರಲಿ, ಪ್ರತಿ ಸಂದೇಶವೂ ಕೋರ್ಸಿನ ಪುಟಕ್ಕೆ ಕೊಂಡಿ ಕೊಡಲಿ. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕೆ ಬೇಡ.

ಮೂಡಲ್: ಗೆರೆಯ ಆಚೆಗಿನ ಕೆಲಸಕ್ಕೆ

ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಸ್ 2002ರಲ್ಲಿ ಮೂಡಲ್‌ನ ಮೊದಲ ಪೂರ್ಣ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅದು ಪಾಠ, ಕ್ವಿಜ್, ಸಲ್ಲಿಕೆ, ಅಂಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಮುಕ್ತ ತಂತ್ರಾಂಶ. ಯಾವ ಸಂಸ್ಥೆ ಬೇಕಾದರೂ ತನ್ನ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು, ಪರವಾನಗಿ ಶುಲ್ಕ ಇಲ್ಲ. ಶುಲ್ಕ ಇಲ್ಲ ಎಂದರೆ ಖರ್ಚೇ ಇಲ್ಲ ಎಂದು ಭಾವಿಸಿ ಹೊರಟ ಸಂಸ್ಥೆಗಳು ಕೈ ಸುಟ್ಟುಕೊಳ್ಳುತ್ತವೆ. ಸರ್ವರ್ ಬೇಕು, ಅದನ್ನು ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುವವರು ಬೇಕು, ಅಸೈನ್‌ಮೆಂಟಿನ ಕೊನೆಯ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬಂದಾಗ ಅದು ಬೀಳದಂತೆ ನೋಡಿಕೊಳ್ಳುವವರು ಬೇಕು.

ಮೂಡಲ್‌ನ ನಿಜವಾದ ಶಕ್ತಿ ಅದರ ಪ್ರಶ್ನೆ ಭಂಡಾರ. ಪ್ರಶ್ನೆಗಳನ್ನು ವಿಷಯವಾರು ವಿಂಗಡಿಸಿ ಇಟ್ಟರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಎತ್ತಿ ಕೊಡುತ್ತದೆ. ಲೆಕ್ಕದ ಪ್ರಶ್ನೆಯಾದರೆ ಒಂದೇ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆ ಅಂಕಿಗಳನ್ನು ಕೊಡಬಹುದು. ಆಗ ನಕಲು ಮಾಡಬೇಕಾದರೂ ವಿಧಾನವನ್ನು ಅರ್ಥ ಮಾಡಿಕೊಂಡೇ ಮಾಡಬೇಕು! ಗಣಿತದವರಿಗೆ ಸ್ಟ್ಯಾಕ್ ಎಂಬ ಪ್ಲಗಿನ್, ಅಂದರೆ ಮೂಡಲ್‌ಗೆ ಸೇರಿಸಿಕೊಳ್ಳುವ ತಂತ್ರಾಂಶದ ತುಣುಕು, ಇದೆ. ವಿದ್ಯಾರ್ಥಿ ಬರೆದ ಬೀಜಗಣಿತದ ಉತ್ತರ ನಿಮ್ಮ ಉತ್ತರಕ್ಕೆ ಸಮವೇ ಎಂದು ಅದು ಗಣಿತದ ದೃಷ್ಟಿಯಿಂದಲೇ ಪರೀಕ್ಷಿಸುತ್ತದೆ, ಅಕ್ಷರ ಹೋಲಿಸುವುದಿಲ್ಲ. ಎರಡು ಪದಗಳ ಮೊತ್ತದ ವರ್ಗವನ್ನು ಬಿಡಿಸಿ ಬರೆದರೂ ಸರಿ, ಅಪವರ್ತಿಸಿ ಬರೆದರೂ ಸರಿ. ದೊಡ್ಡ ತರಗತಿಗೆ ಗಣಿತವೋ ಭೌತಶಾಸ್ತ್ರವೋ ಹೇಳಿಕೊಡುವವರಿಗೆ ಈ ಒಂದೇ ಕಾರಣಕ್ಕೆ ಮೂಡಲ್ ಸಾಕು ಎನಿಸಬಹುದು.

ಕ್ವಿಜ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವೆಬ್‌ಸೈಟಿನಿಂದ ಕಲಿಕೆಗೆ ನೇರವಾಗಿ ಆಗುವ ಲಾಭ ಬಹುಪಾಲು ಬರುವುದು ಇಲ್ಲಿಂದ. 2006ರಲ್ಲಿ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧ. ಗದ್ಯಭಾಗವೊಂದನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿದ ಮೇಲೆ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದಿದ್ದವರು ಮುಂದು. ಅಂದರೆ ನೂರು ಪುಟದ ನೋಟ್ಸ್ ಏರಿಸುವುದಕ್ಕಿಂತ ವಾರಕ್ಕೆ ಐದು ಪ್ರಶ್ನೆಯ, ಅಂಕದ ಭಾರ ತೀರಾ ಕಡಿಮೆ ಇರುವ, ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದಾದ ಒಂದು ಕ್ವಿಜ್ ಹೆಚ್ಚು ಕೆಲಸ ಮಾಡೀತು. ಮೂಡಲ್‌ನಲ್ಲಿ ಇಂಥದ್ದನ್ನು ಒಮ್ಮೆ ಕಟ್ಟಿದರೆ ಮುಂದಿನ ವರ್ಷಗಳಿಗೂ ಅದೇ ಬರುತ್ತದೆ.

ತೊಂದರೆಗಳೂ ಕಡಿಮೆ ಇಲ್ಲ. ಪ್ರತಿಯೊಂದು ಚಟುವಟಿಕೆಗೂ ಸೆಟ್ಟಿಂಗ್‌ಗಳ ಉದ್ದದ ಪುಟ. ಅಂಕಪಟ್ಟಿಯ ಲೆಕ್ಕಾಚಾರ ಮೊದಲ ನೋಟಕ್ಕೆ ಯಾರಿಗೂ ಅರ್ಥವಾಗುವಂಥದ್ದಲ್ಲ. ಯಾವ ಅಸೈನ್‌ಮೆಂಟಿಗೆ ಎಷ್ಟು ಭಾರ ಎಂಬುದನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಅಲ್ಲಿ ತುಂಬಬೇಕು. ಫೋರಂನಲ್ಲಿ ಬರೆದ ಸೂಚನೆ ತಕ್ಷಣ ಇಮೇಲ್ ಆಗಿ ಹೋಗುವುದಿಲ್ಲ; ತಿದ್ದಲು ಅವಕಾಶವಿರಲಿ ಎಂದು ಮೂಲ ಸೆಟ್ಟಿಂಗ್‌ನಲ್ಲಿ 30 ನಿಮಿಷ ತಡೆಹಿಡಿಯುತ್ತದೆ. ಇದು ಗೊತ್ತಿಲ್ಲದವರು ತರಗತಿಗೆ ಹತ್ತು ನಿಮಿಷ ಮುಂಚೆ "ಇಂದು ಪಾಠ ಇಲ್ಲ" ಎಂದು ಹಾಕಿ ಸುಮ್ಮನಾಗುತ್ತಾರೆ. ದೊಡ್ಡ ಫೈಲ್ ಏರುತ್ತಿಲ್ಲ ಎಂಬ ದೂರಿಗೆ ಮೂಡಲ್ ಕಾರಣವಾಗಿರಬೇಕೆಂದಿಲ್ಲ. ಅದರ ಅಡಿಯಲ್ಲಿರುವ ಪಿಎಚ್‌ಪಿ ಭಾಷೆಯ ಮೂಲ ಮಿತಿಯೇ ಒಂದು ಫೈಲಿಗೆ 2 ಎಂಬಿ. ನಿರ್ವಾಹಕರು ಅದನ್ನು ಏರಿಸದಿದ್ದರೆ ಫೋನಿನಲ್ಲಿ ತೆಗೆದ ಉತ್ತರ ಪುಟಗಳ ಚಿತ್ರವೂ ಒಳಗೆ ಹೋಗುವುದಿಲ್ಲ. ಸೆಮಿಸ್ಟರ್‌ನ ಮೊದಲ ವಾರವೇ ಕೇಳಿಕೊಳ್ಳಬೇಕಾದ ಮಾತು ಇದು.

ಮೂಡಲ್ ಬಗ್ಗೆ ನನ್ನ ತೀರ್ಮಾನ ಒಂದು ಷರತ್ತಿನ ಮೇಲೆ ನಿಂತಿದೆ: ಸಂಸ್ಥೆಯಲ್ಲಿ ಅದನ್ನು ನೋಡಿಕೊಳ್ಳಲು ಜನ ಇದ್ದರೆ ಕಣ್ಣುಮುಚ್ಚಿ ಬಳಸಿ. ಇಲ್ಲದಿದ್ದರೆ, ಒಬ್ಬ ಉತ್ಸಾಹಿ ಅಧ್ಯಾಪಕರು ತಮ್ಮದೇ ಬಾಡಿಗೆ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳುವ ಸಾಹಸ ಬೇಡ. ವಿದ್ಯಾರ್ಥಿಗಳ ಅಂಕ ಇರುವ ಸರ್ವರ್‌ನ ಭದ್ರತೆ ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸವಲ್ಲ.

ಕ್ಯಾನ್ವಾಸ್, ಬ್ಲ್ಯಾಕ್‌ಬೋರ್ಡ್ ಇತ್ಯಾದಿ

ಮೂಡಲ್ ಮಾಡುವ ಕೆಲಸವನ್ನೇ ಮಾಡುವ ಇವುಗಳನ್ನು ಅಧ್ಯಾಪಕರು ಆರಿಸುವುದಿಲ್ಲ. ವಿಶ್ವವಿದ್ಯಾಲಯ ಆರಿಸಿ ಕೈಗೆ ಕೊಡುತ್ತದೆ. ಆದ್ದರಿಂದ ಹೆಚ್ಚು ಹೇಳಿ ಫಲವಿಲ್ಲ. ಬ್ಲ್ಯಾಕ್‌ಬೋರ್ಡ್ 1997ರಲ್ಲಿ ಶುರುವಾದ ಕಂಪನಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವೆಬ್‌ಸಿಟಿ ಎಂಬ ಪ್ರತಿಸ್ಪರ್ಧಿಯನ್ನು 2006ರಲ್ಲಿ ನುಂಗಿಕೊಂಡಿತು, 2021ರಲ್ಲಿ ತಾನೇ ಆಂಥಾಲಜಿ ಎಂಬ ಇನ್ನೊಂದು ಕಂಪನಿಯೊಂದಿಗೆ ಸೇರಿಹೋಯಿತು. ಹೆಸರು, ಒಡೆಯರು, ನೋಟ ಬದಲಾದಾಗಲೆಲ್ಲ ಅಧ್ಯಾಪಕರು ಕೋರ್ಸನ್ನು ಹೊಸ ಮನೆಗೆ ಸಾಗಿಸಬೇಕಾಗುತ್ತದೆ. ಇನ್‌ಸ್ಟ್ರಕ್ಚರ್ ಕಂಪನಿಯ ಕ್ಯಾನ್ವಾಸ್ 2011ರಲ್ಲಿ ಮಾರುಕಟ್ಟೆಗೆ ಬಂದದ್ದು, ಅದರ ಮೂಲ ಸಂಕೇತವೂ ಮುಕ್ತವಾಗಿದೆ. ಬರಹದ ಅಸೈನ್‌ಮೆಂಟುಗಳನ್ನು ತೆರೆಯ ಮೇಲೆಯೇ ಓದಿ, ಅಂಚಿನಲ್ಲಿ ಟೀಕೆ ಬರೆದು, ಅಂಕ ಹಾಕಿ ಮುಂದಿನದಕ್ಕೆ ಹೋಗುವ ಅದರ ಸ್ಪೀಡ್‌ಗ್ರೇಡರ್ ನಿಜಕ್ಕೂ ಸಮಯ ಉಳಿಸುತ್ತದೆ. ಪ್ರಬಂಧ ತಿದ್ದುವುದೇ ಮುಖ್ಯ ಕೆಲಸವಾಗಿರುವ ಸಾಹಿತ್ಯ, ಇತಿಹಾಸದ ಅಧ್ಯಾಪಕರಿಗೆ ಇದು ಮೂಡಲ್‌ಗಿಂತ ಸಲೀಸು.

ಇಂಥ ದೊಡ್ಡ ವ್ಯವಸ್ಥೆಗಳಲ್ಲಿ ಮಾಡಬೇಕಾದ ಮೊದಲ ಕೆಲಸ ಎಡಗಡೆಯ ಮೆನುವಿನಲ್ಲಿ ಬಳಸದೇ ಇರುವುದನ್ನೆಲ್ಲ ಮರೆಮಾಡುವುದು. ಖಾಲಿ ಪುಟಕ್ಕೆ ಕರೆದೊಯ್ಯುವ ಹತ್ತು ಕೊಂಡಿಗಳಿದ್ದರೆ ವಿದ್ಯಾರ್ಥಿ ಹನ್ನೊಂದನೆಯದನ್ನು ಒತ್ತುವುದಿಲ್ಲ.

ಗೂಗಲ್ ಕ್ಲಾಸ್‌ರೂಮ್: ಸಲೀಸು, ಆದರೆ ಹರಿದುಹೋಗುತ್ತದೆ

2014ರಲ್ಲಿ ಬಂದ ಕ್ಲಾಸ್‌ರೂಮ್ ಮೊದಲಿಗೆ ಶಿಕ್ಷಣ ಸಂಸ್ಥೆಗಳ ಖಾತೆ ಇದ್ದವರಿಗೆ ಮಾತ್ರ ಇತ್ತು. 2017ರಿಂದ ಮಾಮೂಲಿ ಜಿಮೇಲ್ ಖಾತೆಯಿಂದಲೂ ತೆರೆಯಬಹುದು. ಇಂದು ಸಂಜೆ ಕೂತರೆ ನಾಳೆ ಬೆಳಿಗ್ಗೆಗೆ ಕೋರ್ಸ್ ಸಿದ್ಧ. ಇದರಷ್ಟು ಕಡಿಮೆ ತಲೆನೋವಿನ ವ್ಯವಸ್ಥೆ ಇನ್ನೊಂದಿಲ್ಲ. ಒಂದು ವರ್ಕ್‌ಶೀಟ್ ಹಾಕಿದರೆ ಪ್ರತಿ ವಿದ್ಯಾರ್ಥಿಗೂ ಅದರ ಸ್ವಂತ ಪ್ರತಿ ತಾನಾಗಿಯೇ ಹೋಗುವ ಸೌಲಭ್ಯವಂತೂ ಬಹಳ ಚೆಂದ. ಅವರು ಬರೆಯುತ್ತಿರುವಾಗಲೇ ನೀವು ತೆರೆದು ನೋಡಬಹುದು, ಬದಿಯಲ್ಲಿ ಒಂದು ಮಾತು ಬರೆಯಬಹುದು. ಸಣ್ಣ ತರಗತಿಯಲ್ಲಿ ಬರವಣಿಗೆ ಕಲಿಸುವವರಿಗೆ ಇದು ವರ.

ಕೊರತೆ ಕಾಣುವುದು ಎರಡನೇ ತಿಂಗಳಿನಲ್ಲಿ. ಸ್ಟ್ರೀಮ್ ಎಂಬ ಮುಖಪುಟದಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಕ್ಲಾಸ್‌ವರ್ಕ್ ಪುಟದಲ್ಲಿ ವಿಷಯವಾರು ವಿಂಗಡಿಸಿ ಇಡಬಹುದು ನಿಜ, ಹಾಗೆ ವಿಂಗಡಿಸುವ ಶಿಸ್ತು ಅಧ್ಯಾಪಕರಿಗೇ ಇರಬೇಕು. ಮೂಡಲ್‌ನಲ್ಲಿರುವಂಥ ಪ್ರಶ್ನೆ ಭಂಡಾರ ಇಲ್ಲ. ಗೂಗಲ್ ಫಾರ್ಮ್ಸ್‌ನ ಕ್ವಿಜ್ ಬಹು ಆಯ್ಕೆಯ ಪ್ರಶ್ನೆಗೆ ಸಾಕು, ಅದರಾಚೆಗೆ ಸಾಲದು. ಎಳೆಎಳೆಯಾಗಿ ಚರ್ಚೆ ಬೆಳೆಯುವ ಫೋರಂ ಇಲ್ಲ, ಪೋಸ್ಟಿನ ಕೆಳಗೆ ಕಾಮೆಂಟು ಅಷ್ಟೇ. ಇನ್ನೊಂದು ಮುಖ್ಯ ಸಂಗತಿ: ಕ್ಲಾಸ್‌ರೂಮ್ ಪೂರ್ತಿ ಗೆರೆಯ ಆಚೆಗಿನದು. ತರಗತಿಗೆ ಸೇರದವರಿಗೆ ಏನೂ ಕಾಣದು. ಮುಂದಿನ ಸೆಮಿಸ್ಟರ್‌ನಲ್ಲಿ ನಿಮ್ಮ ಕೋರ್ಸ್ ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ವಿದ್ಯಾರ್ಥಿ ಸಿಲಬಸ್ ನೋಡಲಾರ. ಸಂಸ್ಥೆಯ ಖಾತೆ ಮುಚ್ಚಿದ ಹಳೆಯ ವಿದ್ಯಾರ್ಥಿ ತನ್ನದೇ ನೋಟ್ಸ್‌ಗೆ ಮರಳಲಾರ.

ಸ್ವಂತ ಪುಟ: ಗೆರೆಯ ಈಚೆಗಿನ ಕೆಲಸಕ್ಕೆ

ಲಾಗಿನ್ ಇಲ್ಲದ, ಯಾರು ಬೇಕಾದರೂ ತೆರೆಯಬಹುದಾದ ಸಾದಾ ಎಚ್‌ಟಿಎಂಎಲ್ ಪುಟವನ್ನು ಈಗ ಹಲವರು ಹಳೆಯ ಕಾಲದ್ದು ಎಂದು ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಕೋರ್ಸಿಗೆ ಅತ್ಯಂತ ಹೆಚ್ಚು ಬೆಲೆ ತರುವುದು ಇದೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ತನ್ನ ಪಾಠಗಳನ್ನು ಉಚಿತವಾಗಿ ತೆರೆದಿಡುವ ಓಪನ್‌ಕೋರ್ಸ್‌ವೇರ್ ಯೋಜನೆ ಘೋಷಿಸಿ, ಮರುವರ್ಷ 50 ಕೋರ್ಸ್‌ಗಳೊಂದಿಗೆ ಮೊದಲ ಕಂತು ಹೊರತಂದಾಗ ಅದರಲ್ಲಿ ಇದ್ದದ್ದು ಹೆಚ್ಚುಕಡಿಮೆ ಇಂಥವೇ: ಸಿಲಬಸ್, ಟಿಪ್ಪಣಿ, ಅಸೈನ್‌ಮೆಂಟ್, ಪರೀಕ್ಷೆ. ಅಂಕವೂ ಇಲ್ಲ, ಸಲ್ಲಿಕೆಯೂ ಇಲ್ಲ. ಅಷ್ಟರಿಂದಲೇ ಎಲ್ಲೆಲ್ಲಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರಯೋಜನ ಪಡೆದರು. ನಿಮ್ಮ ಪುಟ ಅಷ್ಟು ದೂರ ಹೋಗದಿರಬಹುದು. ಪಕ್ಕದ ವಿಭಾಗದವರೆಗೆ ಹೋದರೂ ಸಾಕು.

ಹೇಗೆ ಕಟ್ಟುವುದು? ಗೂಗಲ್ ಸೈಟ್ಸ್ ಎಲ್ಲಕ್ಕಿಂತ ಸುಲಭ, ಎಳೆದು ಇಟ್ಟರೆ ಪುಟ ಆಯಿತು. ಆದರೆ ಗಣಿತದ ಸೂತ್ರಗಳಿಗೆ ಅಷ್ಟಾಗಿ ಒದಗುವುದಿಲ್ಲ; ಅದರ ಹಳೆಯ ಆವೃತ್ತಿಯನ್ನು ಗೂಗಲ್ ನಿಲ್ಲಿಸಿದಾಗ ಅಲ್ಲಿ ಪುಟ ಕಟ್ಟಿದ್ದವರೆಲ್ಲ ಹೊಸದಕ್ಕೆ ಸಾಗಿಸಬೇಕಾಯಿತು. ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಬರೆಯುವುದು ಹಿತ, ಕಾಣುವುದೂ ಅಂದ. ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಂಡರೆ ಮಾತ್ರ ಅದಕ್ಕೂ ಅದರ ಪ್ಲಗಿನ್‌ಗಳಿಗೂ ಅಪ್‌ಡೇಟ್ ಹಾಕುತ್ತಲೇ ಇರಬೇಕು. ರಜೆಯಲ್ಲಿ ಮರೆತರೆ ಸೆಮಿಸ್ಟರ್ ಶುರುವಾಗುವಾಗ ನಿಮ್ಮ ಸಿಲಬಸ್ ಇದ್ದಲ್ಲಿ ಜೂಜಿನ ಜಾಹೀರಾತು ಇರುತ್ತದೆ.

ನನಗೆ ಹೆಚ್ಚು ಒಪ್ಪುವುದು ಗಿಟ್‌ಹಬ್ ಪೇಜಸ್‌ನಂಥ ಸ್ಥಿರ ಪುಟಗಳ ಸೇವೆ. ಮಾರ್ಕ್‌ಡೌನ್ ಎಂಬ ಸರಳ ಗುರುತುಗಳಲ್ಲಿ ಬರೆದರೆ ಜೆಕಿಲ್ ಎಂಬ ತಂತ್ರಾಂಶ ಅದನ್ನು ಪುಟವಾಗಿಸುತ್ತದೆ. ಪುಟದ ಹಿಂದೆ ಡೇಟಾಬೇಸ್ ಇಲ್ಲ, ಪಾಸ್‌ವರ್ಡ್ ಇಲ್ಲ, ಆದ್ದರಿಂದ ಒಡೆದು ಒಳಗೆ ಬರಲು ಅಲ್ಲಿ ಏನೂ ಇಲ್ಲ. ಪ್ರಕಟವಾದ ಸೈಟಿನ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ ಸುಮಾರು 100 ಜಿಬಿ ದತ್ತಾಂಶ ಹರಿಯಬಹುದು ಎಂಬುದು ಅವರ ಮಿತಿ. ಪಠ್ಯ ಮತ್ತು ಪಿಡಿಎಫ್‌ಗೆ ಇದು ಧಾರಾಳ. ಗಣಿತ ತೋರಿಸುವ ಮ್ಯಾಥ್‌ಜ್ಯಾಕ್ಸ್ ಎಂಬ ತಂತ್ರಾಂಶ ಸೇರಿಸಿದರೆ ಸೂತ್ರಗಳೂ ಅಂದವಾಗಿ ಬರುತ್ತವೆ. ಯಾವ ದಿನ ಯಾವ ಸಾಲು ತಿದ್ದಿದಿರಿ ಎಂಬ ಇತಿಹಾಸ ಉಳಿಯುವುದು ಇನ್ನೊಂದು ಲಾಭ, "ಅಸೈನ್‌ಮೆಂಟಿನ ದಿನಾಂಕ ಬದಲಾಯಿಸಿದ್ದು ಯಾವಾಗ?" ಎಂಬ ಜಗಳ ಅಲ್ಲೇ ತೀರುತ್ತದೆ. ಉಚಿತ ಖಾತೆಯಲ್ಲಿ ಪುಟದ ಮೂಲ ಕಡತಗಳೂ ಬಹಿರಂಗವಾಗಿಯೇ ಇರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಮುಂದಿನ ವಾರದ ಪರೀಕ್ಷೆಯ ಉತ್ತರಗಳನ್ನು ಕರಡು ಎಂದು ಅಲ್ಲಿ ಇಟ್ಟರೆ ಯಾರಾದರೊಬ್ಬ ಜಾಣ ಹುಡುಗ ಖಂಡಿತ ಹುಡುಕುತ್ತಾನೆ, ಅಳಿಸಿದ ಮೇಲೂ ಇತಿಹಾಸದಲ್ಲಿ ಹುಡುಕುತ್ತಾನೆ.

ಕಂಪ್ಯೂಟರ್ ವಿಜ್ಞಾನದ ಹೊರಗಿನವರಿಗೆ ಗಿಟ್‌ಹಬ್‌ನ ಹಿಂದಿರುವ ಗಿಟ್ ಎಂಬ ತಂತ್ರಾಂಶ ಕಲಿಯುವುದು ಅನಗತ್ಯ ಭಾರ ಎನಿಸಿದರೆ ಅದೂ ನ್ಯಾಯವೇ. ಹಾಗಿದ್ದಲ್ಲಿ "ಕೊಂಡಿ ಇರುವ ಯಾರು ಬೇಕಾದರೂ ಓದಬಹುದು" ಎಂದು ತೆರೆದಿಟ್ಟ ಒಂದೇ ಒಂದು ಗೂಗಲ್ ಡಾಕ್ ಸಾಕು. ಮೇಲೆ ಈ ವಾರದ ಕೆಲಸ, ಕೆಳಗೆ ವೇಳಾಪಟ್ಟಿ, ಅಲ್ಲಿಂದ ಫೈಲುಗಳಿಗೆ ಕೊಂಡಿ. ಕೇಳಲು ಬಡತನ ಅನಿಸಬಹುದು. ಆದರೆ ಪ್ರತಿ ವಾರ ಎರಡು ನಿಮಿಷದಲ್ಲಿ ತಿದ್ದಬಹುದಾದ ಬಡ ಪುಟ, ತಿದ್ದಲು ಅರ್ಧ ಗಂಟೆ ಬೇಡುವ ಶ್ರೀಮಂತ ಸೈಟಿಗಿಂತ ಎಂಟನೇ ವಾರದಲ್ಲಿ ಹೆಚ್ಚು ಸತ್ಯ ಹೇಳುತ್ತಿರುತ್ತದೆ.

ವಿಕಿ? ವಿದ್ಯಾರ್ಥಿಗಳೇ ಸೇರಿ ಬರೆಯುವ ಸೆಮಿನಾರ್ ಕೋರ್ಸಿಗೆ ಚೆನ್ನ, ಉಳಿದವಕ್ಕೆ ಬೇಡ. ಮೂಡಲ್‌ನ ಒಳಗೇ ಒಂದು ವಿಕಿ ಇದೆ.

ತೂಕದ ಲೆಕ್ಕ

ವಿಡಿಯೋ ಎಲ್ಲಿ ಇಡುವುದು ಎಂಬ ಪ್ರಶ್ನೆ ಯಾವ ಆಯ್ಕೆಯಲ್ಲೂ ಬರುತ್ತದೆ. 50 ನಿಮಿಷದ ಪಾಠವನ್ನು ಸೆಕೆಂಡಿಗೆ 1 ಮೆಗಾಬಿಟ್ ದರದಲ್ಲಿ ಮುದ್ರಿಸಿದರೆ ಸುಮಾರು 375 ಎಂಬಿ. ಅದೇ ಪಾಠದ ಧ್ವನಿ ಮಾತ್ರ, ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ, 24 ಎಂಬಿ. ಪುಟ್ಟ ಪಿಡಿಎಫ್ ಟಿಪ್ಪಣಿ 1 ಎಂಬಿ ಒಳಗೇ ಮುಗಿಯುತ್ತದೆ. ಮೊಬೈಲ್ ಡೇಟಾದಲ್ಲಿ ಓದುವ ವಿದ್ಯಾರ್ಥಿಗೆ ಈ ಮೂರರ ನಡುವಿನ ಅಂತರ ಬಹಳ ದೊಡ್ಡದು. ಹಾಗಾಗಿ ವಿಡಿಯೋ ಕೋರ್ಸ್ ಸರ್ವರ್‌ನಲ್ಲಿ ಬೇಡ, ಯೂಟ್ಯೂಬ್‌ನಂಥ ಕಡೆ "ಪಟ್ಟಿಯಲ್ಲಿ ಕಾಣಿಸದು" ಎಂಬ ಆಯ್ಕೆಯಲ್ಲಿ ಇಡಿ. ನೋಡುವವರ ಸಂಪರ್ಕಕ್ಕೆ ತಕ್ಕಂತೆ ಅದು ಗುಣಮಟ್ಟ ಇಳಿಸಿಕೊಡುತ್ತದೆ. ಆಗಲೂ ಪಕ್ಕದಲ್ಲಿ ಧ್ವನಿ ಕಡತ ಮತ್ತು ಬರೆದ ಟಿಪ್ಪಣಿ ಇರಲಿ. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಟ್ಟುಕೊಂಡು ಸಂಪರ್ಕವಿಲ್ಲದೆಯೂ ಓದಬಹುದು ಎಂಬುದು ಈ ವಿಷಯದಲ್ಲಿ ಅದರ ಪರವಾಗಿ ಬೀಳುವ ಮತ.

ಪುಸ್ತಕದ ಪುಟಗಳನ್ನು ಫೋಟೋ ಹೊಡೆದು ಪಿಡಿಎಫ್ ಮಾಡಿ ಏರಿಸುವ ಅಭ್ಯಾಸ ಎರಡು ಕಾರಣಕ್ಕೆ ಕೆಟ್ಟದ್ದು. ತೆರೆದ ಪುಟದಲ್ಲಿ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು. ಎಲ್ಲೇ ಹಾಕಿದರೂ, ಅದು ಬರೀ ಚಿತ್ರವಾದ್ದರಿಂದ ದೃಷ್ಟಿದೋಷ ಇರುವ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು, ಹುಡುಕಿದರೆ ಪದವೂ ಸಿಗದು. ನಿಮ್ಮದೇ ಸ್ಲೈಡುಗಳಲ್ಲಿಯೂ ತಿಳಿ ಬೂದು ಅಕ್ಷರದ ಮೋಹ ಬೇಡ: ಡಬ್ಲ್ಯುಸಿಎಜಿ ಎಂಬ ವೆಬ್ ಸುಗಮತೆಯ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಹೊಳಪಿನ ವ್ಯತ್ಯಾಸ ಕೇಳುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂತು ಫೋನಿನಲ್ಲಿ ಓದುವವರಿಗೂ ಅದು ಉಪಕಾರವೇ.

ನೋಟ್ಸ್ ಹಾಕಿದರೆ ತರಗತಿ ಖಾಲಿಯಾಗುತ್ತದೆಯೇ?

ಸ್ಟಾಫ್ ರೂಮಿನಲ್ಲಿ ಈ ಚರ್ಚೆ ಮುಗಿಯುವಂಥದ್ದಲ್ಲ. ತರಗತಿಯಲ್ಲಿ ನೋಟ್ಸ್ ಓದಿ ಹೇಳುವುದಷ್ಟೇ ನಡೆಯುತ್ತಿದ್ದರೆ ಖಾಲಿಯಾಗುವುದು ಸಹಜ, ಅದಕ್ಕೆ ವೆಬ್‌ಸೈಟನ್ನು ದೂರಿ ಪ್ರಯೋಜನವಿಲ್ಲ. ನಾನು ಶಿಫಾರಸು ಮಾಡುವ ದಾರಿ: ಪಾಠಕ್ಕೆ ಮೊದಲು ಅರ್ಧ ತುಂಬಿದ ಟಿಪ್ಪಣಿ ಹಾಕಿ, ಅಂದರೆ ಚಿತ್ರ, ವ್ಯಾಖ್ಯೆ, ಸಮಸ್ಯೆಯ ಹೇಳಿಕೆ ಇರಲಿ, ಬಿಡಿಸುವ ಹಂತಗಳ ಜಾಗ ಖಾಲಿ ಇರಲಿ. ವಿದ್ಯಾರ್ಥಿಗೆ ಬೋರ್ಡಿನಿಂದ ನಕಲು ಮಾಡುವ ಶ್ರಮ ತಪ್ಪುತ್ತದೆ, ತರಗತಿಗೆ ಬರಲು ಕಾರಣವೂ ಉಳಿಯುತ್ತದೆ. ಪೂರ್ತಿ ಟಿಪ್ಪಣಿಯನ್ನು ವಾರದ ಕೊನೆಗೆ ಹಾಕಿ. ಕಾಯಿಲೆ ಬಿದ್ದವರು, ಕೆಲಸ ಮಾಡುತ್ತ ಓದುವವರು ಅಷ್ಟರಿಂದ ಹಿಂದೆ ಬೀಳುವುದಿಲ್ಲ.

ಹಾಗಾದರೆ ಯಾವುದು?

ಇನ್ನೂರು ಮುನ್ನೂರು ಜನರ, ಹಲವು ವಿಭಾಗಗಳಾಗಿ ಒಡೆದ, ಇಬ್ಬರು ಮೂವರು ಅಧ್ಯಾಪಕರು ಹಂಚಿಕೊಂಡ ಮೊದಲ ವರ್ಷದ ಕೋರ್ಸ್ ಆಗಿದ್ದರೆ ಸಂಸ್ಥೆಯ ಮೂಡಲ್ ಅಥವಾ ಕ್ಯಾನ್ವಾಸ್. ಗುಂಪುಗಳನ್ನು ಬೇರೆ ಬೇರೆಯಾಗಿ ನಿಭಾಯಿಸುವುದು, ಎಲ್ಲರಿಗೂ ಒಂದೇ ಕ್ವಿಜ್, ಒಂದೇ ಅಂಕಪಟ್ಟಿ ಇವು ಬೇರೆ ಕಡೆ ಸಾಧ್ಯವಾಗುವುದು ಕಷ್ಟ. ಕ್ಲಾಸ್‌ರೂಮ್‌ನಲ್ಲೂ ಸಂಸ್ಥೆಯ ಖಾತೆಯಿದ್ದರೆ ಒಂದು ತರಗತಿಗೆ 1000 ಸದಸ್ಯರವರೆಗೆ ಸೇರಬಹುದು, ಮಾಮೂಲಿ ಖಾತೆಗೆ 250. ಆದರೆ ಸೇರಬಹುದು ಎನ್ನುವುದು ಒಂದು, ನಿಭಾಯಿಸಬಹುದು ಎನ್ನುವುದು ಇನ್ನೊಂದು.

ಮೂವತ್ತು ನಲವತ್ತು ಜನರ ಐಚ್ಛಿಕ ಕೋರ್ಸಿಗೆ ತೆರೆದ ಪುಟವೊಂದು, ಸಲ್ಲಿಕೆ ಮತ್ತು ಅಂಕಕ್ಕೆ ಮಾತ್ರ ಕ್ಲಾಸ್‌ರೂಮ್ ಅಥವಾ ಮೂಡಲ್. ನನ್ನ ಮೆಚ್ಚಿನ ಜೋಡಣೆ ಇದು. ಎರಡು ಜಾಗ ಆಯಿತಲ್ಲ, ವಿದ್ಯಾರ್ಥಿಗಳಿಗೆ ಗೊಂದಲವಾಗದೇ ಎಂದು ಕೇಳುತ್ತಾರೆ. ಒಂದು ನಿಯಮ ಪಾಲಿಸಿದರೆ ಆಗುವುದಿಲ್ಲ: ವಿಳಾಸ ಒಂದೇ ಇರಬೇಕು. ತೆರೆದ ಪುಟವೇ ಬಾಗಿಲು. ಅಸೈನ್‌ಮೆಂಟ್ ಸಲ್ಲಿಸುವ ಜಾಗಕ್ಕೆ ಅಲ್ಲಿಂದಲೇ ಕೊಂಡಿ. ದಿನಾಂಕಗಳನ್ನು ಎರಡೂ ಕಡೆ ಬರೆಯಬೇಡಿ, ಬರೆದರೆ ಒಂದಲ್ಲ ಒಂದು ದಿನ ಎರಡೂ ಬೇರೆಯಾಗುತ್ತವೆ.

ಹತ್ತು ಹದಿನೈದು ಜನರ ಸೆಮಿನಾರಿಗೆ ಒಂದು ಹಂಚಿದ ಡಾಕ್ ಮತ್ತು ಇಮೇಲ್ ಸಾಕು. ಅದಕ್ಕೂ ಮೂಡಲ್ ಕಡ್ಡಾಯ ಎಂದು ಆಡಳಿತ ಹೇಳಿದರೆ ಒಂದೇ ಪುಟ ತೆರೆದು ಅದರಲ್ಲಿ ಡಾಕ್‌ನ ಕೊಂಡಿ ಹಾಕಿ.

ಇನ್ನು, ಯಾವುದನ್ನೇ ಆರಿಸುವ ಮೊದಲು ಹೊರಬರುವ ದಾರಿ ನೋಡಿಕೊಳ್ಳಬೇಕು. ಎಡ್‌ಮೋಡೊ ಎಂಬ ಬಹಳ ಜನಪ್ರಿಯ ಸೇವೆ 2022ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಅದರಲ್ಲಿ ಕಟ್ಟಿದ್ದೆಲ್ಲವನ್ನೂ ಶಿಕ್ಷಕರು ಗಡುವಿನೊಳಗೆ ಇಳಿಸಿಕೊಳ್ಳಬೇಕಾಯಿತು. ಮೂಡಲ್ ಇಡೀ ಕೋರ್ಸನ್ನು ಒಂದೇ ಕಡತವಾಗಿ ಕೊಡುತ್ತದೆ, ಅದನ್ನು ಬೇರೆ ಮೂಡಲ್‌ನಲ್ಲಿ ತೆರೆಯಬಹುದು. ಅಧ್ಯಾಪಕರು ತೆಗೆದ ಬ್ಯಾಕಪ್‌ನಲ್ಲಿ ವಿದ್ಯಾರ್ಥಿಗಳ ಸಲ್ಲಿಕೆ, ಅಂಕ ಸಾಮಾನ್ಯವಾಗಿ ಬರುವುದಿಲ್ಲ. ಅಂಕಪಟ್ಟಿಯನ್ನು ಬೇರೆಯಾಗಿ ಸ್ಪ್ರೆಡ್‌ಶೀಟ್ ಆಗಿ ಇಳಿಸಿಕೊಳ್ಳಿ. ಕ್ಲಾಸ್‌ರೂಮ್‌ನ ಕಡತಗಳು ಡ್ರೈವ್‌ನಲ್ಲಿ ಉಳಿದರೂ ಅವುಗಳ ಕ್ರಮ ಉಳಿಯುವುದಿಲ್ಲ. ಮಾರ್ಕ್‌ಡೌನ್ ಕಡತಗಳಂತೂ ಬರೀ ಪಠ್ಯ, ಯಾವ ಕಂಪನಿ ಮುಳುಗಿದರೂ ತೆರೆದುಕೊಳ್ಳುತ್ತವೆ.

ಮೊದಲ ದಿನದ ಮುನ್ನ ಒಂದು ಪರೀಕ್ಷೆ ಮಾಡಿ. ಮೂಡಲ್‌ನಲ್ಲಿ ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಗುವ ಆಯ್ಕೆ ಇದೆ, ಕ್ಯಾನ್ವಾಸ್‌ನಲ್ಲಿ ಸ್ಟೂಡೆಂಟ್ ವ್ಯೂ ಇದೆ. ತೆರೆದ ಪುಟವಾದರೆ ಲಾಗಿನ್ ಆಗದ ಬ್ರೌಸರ್‌ನಲ್ಲಿ, ಸಾಧ್ಯವಾದರೆ ಹಳೆಯ ಫೋನಿನಲ್ಲಿ ತೆರೆಯಿರಿ. ಈ ವಾರ ಏನು ಓದಬೇಕು, ಮುಂದಿನ ಅಸೈನ್‌ಮೆಂಟ್ ಯಾವಾಗ, ಎಲ್ಲಿ ಸಲ್ಲಿಸಬೇಕು ಎಂಬ ಮೂರಕ್ಕೆ ಉತ್ತರ ಎರಡು ಒತ್ತಿನಲ್ಲಿ ಸಿಗಬೇಕು. ಕಳೆದ ವರ್ಷದ ಕೋರ್ಸನ್ನೇ ನಕಲು ಮಾಡಿದ್ದರೆ ದಿನಾಂಕಗಳನ್ನು ಒಂದೊಂದಾಗಿ ನೋಡಿ. ಮೂಡಲ್‌ನಲ್ಲಿ ಕೋರ್ಸ್ ರೀಸೆಟ್ ಮಾಡುವಾಗ ಆರಂಭದ ದಿನ ಬದಲಿಸಿದರೆ ಚಟುವಟಿಕೆಗಳ ದಿನಾಂಕಗಳೂ ಅಷ್ಟೇ ದಿನ ಮುಂದಕ್ಕೆ ಜರುಗುತ್ತವೆ, ಆದರೆ ವಿವರಣೆಯೊಳಗೆ ನೀವೇ ಕೈಯಾರೆ ಟೈಪ್ ಮಾಡಿದ "ಸೋಮವಾರ ಸಂಜೆ ಐದರೊಳಗೆ" ಎಂಬುದನ್ನು ಅದು ಮುಟ್ಟುವುದಿಲ್ಲ.